ಕಾಡು ನೋಡುವ ಬಯಕೆ

ಬಸುರಿಯ ಗಂಡ ಬೆಟ್ಟ ಹತ್ತಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಹಸಿ ಮರ ಕಡಿಯಬಾರದು, ಹಾವು ಕಂಡರೆ ಹೊಡೆಯಬಾರದು. ಇದು ನಮ್ಮ ಅತ್ತೆಯ ಕಾನೂನು. ಗುಬ್ಬಿಯ ಮನೆಯ ಜಗಲಿಯ ಮೇಲೆ ಕೂತು ಅವರು ಇದನ್ನು ಹೇಳುವಾಗ ಎದುರು ಮಾತಾಡುವ ಗಂಡಸು ಆ ಬೀದಿಯಲ್ಲೇ ಇರಲಿಲ್ಲ. ನನ್ನ ಗಂಡನಿಗಂತೂ ಇದರಲ್ಲಿ ಮೊದಲನೆಯದೇ ಕಷ್ಟ. ಬೆಟ್ಟ ಕಂಡರೆ ಹತ್ತದೆ ಇರಲಾಗದ ಮನುಷ್ಯ. ತುಮಕೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ವಾರವೆಲ್ಲ ಹುಡುಗರಿಗೆ ಕಪ್ಪೆ ಕುಯ್ಯುವುದನ್ನು ಕಲಿಸಿ, ಭಾನುವಾರ ಬಂತೆಂದರೆ ದುರ್ಬೀನು ಕೊರಳಿಗೆ ನೇತುಹಾಕಿಕೊಂಡು ದೇವರಾಯನದುರ್ಗದ ಕಡೆ ಸೈಕಲ್ ತುಳಿಯುವವರು. ಹಕ್ಕಿಯೋ, ಮುಸುವವೋ, ಮುಂಗುಸಿಯೋ, ಜೀವ ಇದ್ದು ಅಲುಗಾಡುತ್ತಿದ್ದರೆ ಸಾಕು, ಊಟ ಮರೆತು ನೋಡುತ್ತಾ ನಿಲ್ಲುವರು. ಮದುವೆಯಾದ ಹೊಸತರಲ್ಲಿ ಕುಣಿಗಲ್ಲಿನ ನಮ್ಮಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಅಳಿಯಂದ್ರು ಮರದ್ ಮ್ಯಾಲೆ ಏನ್ ಹುಡುಕ್ತಾರೆ ಮಗ್ಳೆ? ತಲೆ ಗಿಲೆ ಸರಿಯಾಗೈತೆ ತಾನೆ?" ಎಂದು ಕೇಳಿದ್ದರು.

ನಾನು ಬಸುರಿಯಾದಾಗಲೆಲ್ಲ ಆ ಸೈಕಲ್ಲು ಮೂಲೆ ಸೇರುತ್ತಿತ್ತು. ಎರಡು ಸಲ ಸೇರಿ, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೊರಗೆ ಬಂದಿತ್ತು. ಮೂರನೆಯದು ನಿಂತಿತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನಗೆ ಮೂವತ್ತು ದಾಟಿತ್ತು, ನನ್ನ ಓರಗೆಯವರ ಮಕ್ಕಳು ಆಗಲೇ ಸ್ಕೂಲಿಗೆ ಹೋಗುತ್ತಿದ್ದರು. "ಇದನ್ನ ಜೋಪಾನ ಮಾಡ್ಕೊಳ್ಳಿ. ಇನ್ನೊಂದು ಸಲಕ್ಕೆ ನಿಮ್ಮ ಮೈ ತಡೆಯಲ್ಲ, ನಾನೂ ಒಪ್ಪಲ್ಲ" ಎಂದು ಡಾಕ್ಟರಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಹಾಗಾಗಿ ನಾನು ಉಸಿರಾಡುವಾಗಲೂ ಹುಷಾರಾಗಿ ಉಸಿರಾಡುತ್ತಿದ್ದೆ.

ಏನಾದರೂ ಬೇಕು ಎನ್ನುವುದಕ್ಕೂ ಭಯ. ಅತ್ತೆ ಮಾತ್ರ ಗುಬ್ಬಿಯಿಂದ ಬಸ್ಸು ಹತ್ತಿಕೊಂಡು ಬಂದುಬಂದು ಕೇಳುತ್ತಿದ್ದರು. "ಬಯಕೆ ಏನಾರ ಐತಾ ತಾಯಿ? ಮಾವಿನ್ಕಾಯಾ? ಹುಣಸೆಕಾಯಾ? ಚೇಳೂರು ಸಂತೆಯಿಂದ ಏನಾರ ತರುಸ್ಲಾ? ನಾಚ್ಕಬೇಡ, ಬಾಯ್ಬುಟ್ಟು ಹೇಳು." ನಮ್ಮ ಕಡೆ ಬಸುರಿಯ ಬಯಕೆ ಎಂದರೆ ಅದು ಬಸುರಿಯದಲ್ಲ, ಒಳಗಿರುವ ಕೂಸಿನದು. ಕೂಸು ತಾಯಿಯ ಬಾಯಲ್ಲಿ ಕೇಳುತ್ತದೆ. ಕೇಳಿದ್ದನ್ನು ಕೊಡದೆ ಹೋದರೆ ಹುಟ್ಟಿದ ಮೇಲೆ ಅದರ ಕಿವಿ ಸೋರುತ್ತದೆ. ಅದಕ್ಕೇ ಬಯಕೆಗೆ ಯಾವ ಕಾನೂನೂ ಅಡ್ಡ ಬರುವಂತಿಲ್ಲ. "ಏನೂ ಬೇಡ ಅತ್ತೆ" ಎಂದರೆ ಅವರ ಮುಖ ಸಣ್ಣಗಾಗುತ್ತಿತ್ತು. ಏನೂ ಕೇಳದ ಕೂಸು ಅದೆಂಥ ಕೂಸೋ ಎಂದು ಚಿಂತೆ ಮಾಡಿಕೊಂಡೇ ವಾಪಸ್ಸು ಹೋಗುತ್ತಿದ್ದರು.

ಏಳನೇ ತಿಂಗಳಲ್ಲಿ ಅಲುಗಾಟ ನಿಂತಿತು. ಯಾವ ದಿನ ಯಾವ ಹೊತ್ತಿಗೆ ನಿಂತಿತೋ ಹೇಳಲಾರೆ. ನಾನು ಊಟಕ್ಕೆ ಕೂತರೆ ಒಳಗಿಂದ ಒದೆಯುವುದು ಅದರ ಅಭ್ಯಾಸ. ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತಾ, ಇವತ್ತು ಇನ್ನೂ ಒದ್ದಿಲ್ಲವಲ್ಲ ಎಂದುಕೊಂಡೆ. ಆಮೇಲೆ ನೆನ್ನೆ ಒದ್ದಿತ್ತಾ ಎಂದು ಯೋಚಿಸಿದೆ. ನೆನಪಾಗಲಿಲ್ಲ. ಕೈ ಹಾಗೇ ತಟ್ಟೆಯಲ್ಲಿ ನಿಂತುಹೋಯಿತು. ಎಡಕ್ಕೆ ಮಲಗಿದೆ, ಬಲಕ್ಕೆ ಮಲಗಿದೆ, ಬೆಲ್ಲದ ನೀರು ಕುಡಿದೆ, ಹೊಟ್ಟೆಯನ್ನು ಬೆರಳಲ್ಲಿ ತಿವಿದು "ಏಯ್, ಏಳು" ಎಂದು ಗದರಿಸಿದೆ. ಸಂಜೆ ಇವರು ಕಾಲೇಜಿನಿಂದ ಬರುವ ಹೊತ್ತಿಗೆ ಬಾಗಿಲಲ್ಲೇ ಸೆರಗು ಹೊದ್ದು ನಿಂತಿದ್ದೆ. ಶಿರಾ ಗೇಟಿನಲ್ಲಿ ಜಟಕಾ ಹಿಡಿದು ಡಾಕ್ಟರಮ್ಮನ ಹತ್ತಿರ ಹೋದೆವು.

ಡಾಕ್ಟರಮ್ಮ ತುತ್ತೂರಿಯಂಥ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕಿವಿ ಕೊಟ್ಟರು. ಜಾಗ ಬದಲಾಯಿಸಿದರು, ಮತ್ತೆ ಕಿವಿ ಕೊಟ್ಟರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡಿದ್ದರು. "ಹೊರಗೆ ಕೂತಿರಮ್ಮ" ಎಂದು ಹೇಳಿ ಇವರನ್ನು ಒಳಗೆ ಕರೆದರು. ಇವರು ಹೊರಗೆ ಬಂದವರೇ, "ಸದ್ದು ಸರಿಯಾಗಿ ಸಿಗ್ತಿಲ್ಲವಂತೆ. ಮಗು ಆ ಕಡೆ ತಿರುಗ್ಕೊಂಡಿರಬಹುದು ಅಂದ್ರು. ಮುಂದಿನ ವಾರ ಇನ್ನೊಂದು ಸಲ ನೋಡ್ತಾರಂತೆ" ಎಂದರು. ನಾನು ನಂಬಿದೆ. ನಂಬದೆ ಇನ್ನೇನು ಮಾಡಲಿ? ದಾರಿಯುದ್ದಕ್ಕೂ ಅವರು ನನ್ನ ಕೈ ಹಿಡಿದುಕೊಂಡೇ ಇದ್ದರು. ಬೀದಿಯಲ್ಲಿ ಹೆಂಡತಿಯ ಕೈ ಹಿಡಿಯುವ ಪೈಕಿ ಅಲ್ಲ ಅವರು.

ಆ ವಾರದ ಶುಕ್ರವಾರವೇ ಗುಬ್ಬಿಯಲ್ಲಿ ನನ್ನ ಸೀಮಂತ ಗೊತ್ತಾಗಿತ್ತು. ಹಸಿರು ಸೀರೆ ತಂದಾಗಿತ್ತು, ಬಳೆಗಾರನಿಗೆ ಹೇಳಿಕಳಿಸಿ ಆಗಿತ್ತು, ಸಿ.ಎಸ್. ಪುರದಿಂದ ಇವರ ದೊಡ್ಡಮ್ಮ ಎರಡು ದಿನ ಮುಂಚೆಯೇ ಬಂದು ಕೂರುವುದೂ ಗೊತ್ತಾಗಿತ್ತು. ಒಳಗೆ ಏನಾಗಿದೆಯೋ ಗೊತ್ತಿಲ್ಲದೆ ಆ ಹೆಂಗಸರ ಮಧ್ಯೆ ಹೂ ಮುಡಿದು ಕೂರಲು ನಾನು ತಯಾರಿರಲಿಲ್ಲ. "ಹೋಗಿ ಮುಂದಕ್ಕೆ ಹಾಕಿಸ್ಕೊಂಡು ಬನ್ನಿ. ಏನಾದ್ರೂ ಹೇಳಿ. ಇದೊಂದನ್ನ ಮಾತ್ರ ಹೇಳ್ಬೇಡಿ" ಎಂದು ಇವರನ್ನು ಗುಬ್ಬಿಗೆ ಅಟ್ಟಿದೆ. ಹೇಳಿದರೆ ಅತ್ತೆ ಎದೆ ಬಡಿದುಕೊಂಡು ಬರುತ್ತಾರೆ, ಅವರು ಅತ್ತರೆ ಅದು ನಿಜವೇ ಆಗಿಬಿಡುತ್ತದೆ ಎಂದು ನನಗೆ ಭಯ.

ಹೋದವರಿಗೆ ನೆಪ ಹೊಳೆಯಬೇಕಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲ. ಕಾಲೇಜಿನಲ್ಲಿ ಪರೀಕ್ಷೆ ಎಂದರಂತೆ. "ಪರೀಕ್ಷೆ ನಿನಗಾ ಅವಳಿಗಾ?" ಎಂದು ಅತ್ತೆ ಕೇಳಿದರಂತೆ. ಅವಳಿಗೆ ಸುಸ್ತು ಎಂದರಂತೆ. "ಸುಸ್ತಿದ್ರೆ ನಾನೇ ಬಂದು ಕರ್ಕೊಂಡ್ ಬತ್ತೀನಿ ಬುಡು" ಎಂದರಂತೆ. ಆಗ ದಿಕ್ಕು ತೋಚದೆ ಬಾಯಿಗೆ ಬಂದದ್ದನ್ನು ಹೇಳಿದ್ದಾರೆ: "ಅವಳಿಗೆ ಕಾಡು ನೋಡೋ ಬಯಕೆ ಆಗಿದೆ ಕಣಮ್ಮ. ಕೆಮ್ಮಣ್ಣುಗುಂಡಿ ಬೆಟ್ಟದ ಮೇಲೆ ಮೋಡದೊಳಗೆ ಇರುತ್ತಲ್ಲ, ಆ ಕಾಡು. ಪ್ರಾಣಿ ನೋಡ್ಬೇಕಂತೆ."

ಇದನ್ನು ಅವರು ಮನೆಗೆ ಬಂದು ಹೇಳಿದಾಗ ನಾನು ತಲೆ ಚಚ್ಚಿಕೊಂಡೆ. "ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಒಬ್ಬಟ್ಟು ಅನ್ಬಾರ್ದಿತ್ತಾ, ಹಲಸಿನಹಣ್ಣು ಅನ್ಬಾರ್ದಿತ್ತಾ? ಬಯಕೆಗೆ ಯಾರಾದ್ರೂ ಕಾಡೆಮ್ಮೆ ಕೇಳ್ತಾರೇನ್ರೀ?"

"ಒಬ್ಬಟ್ಟು ಅಂದಿದ್ರೆ ಅಲ್ಲೇ ಮಾಡಿಕೊಡ್ತಿದ್ರಲ್ಲೇ" ಎಂದರು ಪಾಪ.

ಅತ್ತೆ ನಂಬಿದ್ದಲ್ಲದೆ ಹಿಗ್ಗಿಹೋಗಿದ್ದರಂತೆ. ಇಷ್ಟು ದಿನ ತುಟಿ ಬಿಚ್ಚದ ಕೂಸು ಕೊನೆಗೂ ಕೇಳಿತಲ್ಲ! ಬೆಟ್ಟ ಹತ್ತಬಾರದು ಎಂಬ ಸ್ವಂತ ಕಾನೂನು ಅವರಿಗೆ ನೆನಪಿಲ್ಲದೆ ಇರಲಿಲ್ಲ. ಆದರೂ, "ಅಪ್ಪನ್ ತರಾನೇ ಹುಚ್ಚು, ಇನ್ನೇನ್ ಮಾಡಾದು. ಕೂಸೇ ಕೇಳ್ತಾ ಐತೆ ಅಂದ್ಮ್ಯಾಲೆ ಬೆಟ್ಟ ಆದ್ರೇನು, ಕರ್ಕೊಂಡೋಗ್ಲಾ. ಸೀಮಂತ ಬಂದ್ಮ್ಯಾಲೆ ಮಾಡಾನ" ಎಂದು ಬಳೆಗಾರನಿಗೆ ಬೇಡವೆಂದು ಹೇಳಿಕಳಿಸಿದರಂತೆ. ಹೀಗೆ ನಾವು ಹೋಗಲೇಬೇಕಾಯಿತು. ತುಮಕೂರಿನಲ್ಲೇ ಬಾಗಿಲು ಹಾಕಿಕೊಂಡು ಕೂರೋಣವೆಂದರೆ, ಅತ್ತೆ ರೈಲಿನ ದಿನ ಕೇಳಿಕೊಂಡಿದ್ದರು.

ಬೀರೂರಿನ ರೈಲು ಗುಬ್ಬಿಯ ಮೇಲೇ ಹೋಗಬೇಕು. ಗುಬ್ಬಿ ಸ್ಟೇಷನ್ನಿನಲ್ಲಿ ಅತ್ತೆ ಬಟ್ಟೆಯ ಗಂಟು ಎತ್ತಿ ಹಿಡಿದುಕೊಂಡು ಒಂದೊಂದು ಡಬ್ಬಿಗೂ ಇಣುಕುತ್ತಾ ಓಡಿಬಂದರು. ಗಂಟಿನಲ್ಲಿ ಪುಳಿಯೋಗರೆ, ಕೋಡುಬಳೆ, ತಂಬಿಟ್ಟು. ಕಿಟಕಿಯ ಸರಳಿನ ಸಂದಿಯಿಂದ ಕೈ ತೂರಿಸಿ ನನ್ನ ಹೊಟ್ಟೆ ಮುಟ್ಟಿದರು. ನನ್ನ ಮುಖ ನೋಡಲೇ ಇಲ್ಲ. ಹೊಟ್ಟೆಗೇ ಹೇಳಿದರು: "ಕೇಳ್ದಲ್ಲಪ್ಪ ಕೂಸೇ, ಹೋಗು, ಕಣ್ತುಂಬ ನೋಡ್ಕಂಡ್ ಬಾ. ನಿಮ್ಮವ್ವುಂಗೆ ತ್ರಾಸ ಕೊಡ್ಬೇಡ." ರೈಲು ಕದಲಿತು. ಆ ಕೈ ಇದ್ದ ಜಾಗದಲ್ಲಿ ನಾನು ನನ್ನ ಕೈ ಇಟ್ಟುಕೊಂಡೆ. ಎದುರಿಗೆ ಕೂತಿದ್ದ ಹೆಂಗಸು "ಅತ್ತೆಯೇನಮ್ಮ? ಪುಣ್ಯ ಮಾಡಿದ್ದೀಯ" ಎಂದು ಹೇಳಿ, ನಾನು ಕಾಲು ಚಾಚಲೆಂದು ತನ್ನ ಚೀಲ ಸರಿಸಿಕೊಂಡಳು. ನನಗೆ ಆ ಹೆಂಗಸಿನ ಮೇಲೆ ವಿನಾಕಾರಣ ಸಿಟ್ಟು ಬಂತು.

ಬೀರೂರಿನಿಂದ ಬೆಟ್ಟಕ್ಕೆ ಬಸ್ಸು. ತಿರುವು ತಿರುವಿಗೂ ಕುಲುಕಾಟ. ಬಸುರಿ ಅಂತ ಡ್ರೈವರನ ಹಿಂದಿನ ಸೀಟು ಬಿಟ್ಟುಕೊಟ್ಟರು. ಇವರು ಪ್ರತಿ ಹಳ್ಳಕ್ಕೂ "ನಿಧಾನ, ನಿಧಾನ" ಎನ್ನುತ್ತಿದ್ದರೆ ನಾನು ಇನ್ನಷ್ಟು ಕುಲುಕಲಿ ಎಂದು ಬೇಡಿಕೊಳ್ಳುತ್ತಿದ್ದೆ. ಈ ಕುಲುಕಾಟಕ್ಕಾದರೂ ಎಚ್ಚರವಾಗಬಾರದೇ? ಒಂದು ತಿರುವಿನಲ್ಲಿ ಒಳಗೆ ಏನೋ ಹೊರಳಿದ ಹಾಗಾಯಿತು. ಖುಷಿಯಲ್ಲಿ ಇವರ ತೋಳು ಹಿಂಡಿದೆ. "ಅಲುಗ್ತು ಕಣ್ರೀ!" ಅವರು ನನ್ನ ಕಡೆ ತಿರುಗಿ ನಕ್ಕರು. ಮುಂದಿನ ತಿರುವಿನಲ್ಲೂ ಹಾಗೇ ಹೊರಳಿತು. ಬಸ್ಸು ಎಡಕ್ಕೆ ವಾಲಿದರೆ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಹಿಂಡಿದ್ದ ತೋಳು ಬಿಟ್ಟೆ.

ಮೇಲೆ ಸರ್ಕಾರಿ ಬಂಗಲೆಯಲ್ಲಿ ಒಂದು ಕೋಣೆ ಸಿಕ್ಕಿತು. ಹಾಸಿಗೆ, ಗೋಡೆ, ದಿಂಬು, ಎಲ್ಲದಕ್ಕೂ ಥಂಡಿ. ಬೆಟ್ಟದ ನೆತ್ತಿಯೆಲ್ಲ ಬರೀ ಹುಲ್ಲು. ಎರಡು ಗುಡ್ಡ ಕೂಡುವ ಮಡಿಲಲ್ಲಿ ಮಾತ್ರ ಕಾಡು. ಇವರು ಅದನ್ನು ಶೋಲಾ ಎನ್ನುತ್ತಿದ್ದರು. ಮರಗಳು ಎತ್ತರವಿಲ್ಲ, ಸೊಟ್ಟಸೊಟ್ಟಗೆ ಬೆಳೆದು ಒಂದಕ್ಕೊಂದು ಆತುಕೊಂಡಿದ್ದವು. ಕಾಂಡದ ತುಂಬ ಪಾಚಿ, ಮಳೆ ಇಲ್ಲದಿದ್ದರೂ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಇದ್ದಕ್ಕಿದ್ದ ಹಾಗೆ ಮೋಡ ಬಂದು ಎಲ್ಲ ಮಾಯವಾಗುವುದು, ಇನ್ನೊಂದು ಗಳಿಗೆಗೆ ಮರಗಳು ಅಲ್ಲೇ ನಿಂತಿರುವುದು. ಸಂತೋಷಕ್ಕೆ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಹೊಟ್ಟೆ ಉರಿಯಿತು.

ಮಾರನೆಯ ದಿನ ಬೆಳಿಗ್ಗೆ ಇವರು ಬಂಗಲೆಯಿಂದ ಸ್ವಲ್ಪವೇ ದೂರದ ಒಂದು ಬಂಡೆಯ ಮೇಲೆ ಕಂಬಳಿ ಹಾಸಿ ನನ್ನನ್ನು ಕೂರಿಸಿದರು. ಎದುರಿನ ಇಳಿಜಾರಿನಲ್ಲಿ ಕಾಡಿನ ಅಂಚು. ಪ್ರಾಣಿ ನೋಡುವುದೆಂದರೆ ನಾನು ಅಂದುಕೊಂಡ ಹಾಗಲ್ಲ. ನೋಡುವುದಕ್ಕಿಂತ ಕಾಯುವುದೇ ಜಾಸ್ತಿ. "ಮಾತಾಡ್ಬೇಡ. ಬಳೆ ಸದ್ದು ಮಾಡ್ಬೇಡ. ಕಣ್ಣು ಒಂದು ಕಡೆ ಇಟ್ಟಿರು. ಏನಾದ್ರೂ ಅಲುಗಿದ್ರೆ ತಾನಾಗೇ ಗೊತ್ತಾಗುತ್ತೆ" ಎಂದು ಪಿಸುಗುಟ್ಟಿದರು. ನನಗೆ ಇದನ್ನು ಹೇಳಿಕೊಡಬೇಕಾಗಿತ್ತೇ? ಅಷ್ಟು ದಿನದಿಂದ ನಾನು ಮಾಡುತ್ತಿದ್ದದ್ದು ಅದನ್ನೇ. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕಾಡು ನೋಡುತ್ತಾ ಕೂತೆ. ಎಲ್ಲೋ ಒಂದು ಹಕ್ಕಿ, ಸ್ಕೂಲು ತಪ್ಪಿಸಿಕೊಂಡ ಹುಡುಗನ ಹಾಗೆ, ಅರ್ಧ ರಾಗ ಸಿಳ್ಳೆ ಹಾಕಿ ನಿಲ್ಲಿಸುತ್ತಿತ್ತು.

ಆ ಬಂಡೆಯ ಮೇಲೆ ನನಗೆ ಗೊತ್ತಾಯಿತು. ಮನೆಯಲ್ಲಾದರೆ ಪಾತ್ರೆ, ಬಟ್ಟೆ, ನಲ್ಲಿ, ಬೀದಿಯ ಗಲಾಟೆ, ಅದರಲ್ಲಿ ಕಾಲು ಒದ್ದದ್ದು ತಿಳಿಯದೆ ಹೋಗಿರಬಹುದು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇಲ್ಲಿ ಎಲೆಯಿಂದ ಹನಿ ಬಿದ್ದರೂ ಕೇಳುತ್ತಿತ್ತು. ನನ್ನ ಎದೆ ಬಡಿತ ನನಗೇ ಕೇಳುತ್ತಿತ್ತು. ಒಳಗೆ ಏನೂ ಇರಲಿಲ್ಲ.

ಮೋಡ ಸರಿದಾಗ ಇವರು ಥಟ್ಟನೆ ದುರ್ಬೀನು ಕಣ್ಣಿಗಿಟ್ಟರು. ಇಟ್ಟವರು ತೆಗೆಯಲೇ ಇಲ್ಲ.

"ಏನ್ರೀ ಕಾಣ್ತಿದೆ?"

"ಏನಿಲ್ಲ. ಬರೀ ಮಂಜು."

ಏನೂ ಇಲ್ಲದ ಕಡೆ ಅಷ್ಟು ಹೊತ್ತು ನೋಡುವವರಲ್ಲ. "ಕೊಡಿ ಇಲ್ಲಿ" ಎಂದೆ.

"ಬೇಡ ಕಣೇ. ಚಳಿಗೆ ಕೈ ನಡುಗುತ್ತೆ ನಿನಗೆ, ಸರಿಯಾಗಿ ಕಾಣಲ್ಲ."

"ಕೊಡ್ತೀರೋ ಇಲ್ವೋ?"

ಕಿತ್ತುಕೊಂಡೆ. ಕಾಡಿನ ಅಂಚಿನ ಹುಲ್ಲಿನಲ್ಲಿ ಕಾಟಿಗಳು, ಅವೇ ಕಾಡೆಮ್ಮೆಗಳು, ನಿಂತಿದ್ದವು. ಕಪ್ಪು ಮೈ, ಬಿಳಿ ಕಾಲುಚೀಲ ಹಾಕಿಕೊಂಡಂಥ ಕಾಲು. ಮುಂದಿದ್ದ ದೊಡ್ಡ ಹೆಣ್ಣಿನ ಹೊಟ್ಟೆಯ ಕೆಳಗೆ ಕಂದು ಬಣ್ಣದ ಕರು ಹಾಲು ಕುಡಿಯುತ್ತಿತ್ತು. ಕೆಚ್ಚಲನ್ನು ತಲೆಯಿಂದ ಗುದ್ದಿ ಗುದ್ದಿ ಕುಡಿಯುತ್ತಿತ್ತು. ಅದರ ಬಾಲ ಒಂದು ಕ್ಷಣವೂ ಸುಮ್ಮನಿರಲಿಲ್ಲ. ಕಾಟಿ ಕಂಡರೆ ಕುಣಿದಾಡುವ ಮನುಷ್ಯ ಇದನ್ನು ನನ್ನಿಂದ ಯಾಕೆ ಮುಚ್ಚಿಟ್ಟರು? ದುರ್ಬೀನು ಕೆಳಗಿಳಿಸಿ ಇವರ ಮುಖ ನೋಡಿದೆ. ನೋಡಬಾರದಿತ್ತು.

"ಡಾಕ್ಟ್ರು ನಿಮ್ಮನ್ನ ಒಳಗೆ ಕರೆದು ಏನ್ ಹೇಳಿದ್ರು?"

"ಹೇಳಿದ್ನಲ್ಲ, ಮುಂದಿನ ವಾರ..."

"ನನ್ನ ಮುಖ ನೋಡಿ ಹೇಳಿ."

ಅವರು ನೋಡಲಿಲ್ಲ. ಕಂಬಳಿಯ ದಾರ ಕೀಳುತ್ತಾ ಹೇಳಿದರು. "ಹೋಗಿದೆ ಅಂದ್ರು. ನೋವು ತಾನಾಗೇ ಬರೋವರೆಗೂ ಕಾಯ್ಬೇಕಂತೆ. ಎರಡು ವಾರ ಆಗ್ಬಹುದು, ಮೂರು ಆಗ್ಬಹುದು ಅಂದ್ರು."

ನನ್ನ ಬಾಯಿಂದ ಅವತ್ತು ಬಂದ ಮಾತೆಲ್ಲ ಬರೆಯುವಂಥದ್ದಲ್ಲ. "ಹೊಟ್ಟೇಲಿ ಹೊತ್ಕೊಂಡಿರೋಳು ನಾನು! ಬಸ್ಸಲ್ಲಿ ಅಲುಗ್ತು ಅಂದಾಗ ನಕ್ಕಿರಲ್ಲ, ಹೆಂಗ್ರೀ ನಗು ಬಂತು ನಿಮಗೆ?" ಎಂದು ಕಿರುಚಿದ್ದು ನೆನಪಿದೆ. ಕಿರುಚಿದ್ದಕ್ಕೆ ಇಳಿಜಾರಿನಲ್ಲಿ ದಡದಡ ಸದ್ದಾಯಿತು. ಕಾಟಿಗಳು ಒಂದೇ ಉಸಿರಿಗೆ ಕಾಡಿಗೆ ನುಗ್ಗಿದವು. ಕರು ತಾಯಿಯ ಪಕ್ಕೆಗೆ ಅಂಟಿಕೊಂಡೇ ಓಡಿತು. ಪ್ರಾಣಿಗಳ ಎದುರು ಯಾರಾದರೂ ಕೆಮ್ಮಿದರೂ ಉರಿದುಬೀಳುತ್ತಿದ್ದ ನನ್ನ ಗಂಡ ಆ ಕಡೆ ತಿರುಗಿಯೂ ನೋಡಲಿಲ್ಲ.

"ಬಳೆಗಾರನ ಮುಂದೆ ನೀನು ಕೈ ಚಾಚಿ ಕೂರೋದನ್ನ ನೋಡೋಕೆ ನನ್ನಿಂದ ಆಗ್ತಿರ್ಲಿಲ್ಲ" ಎಂದರು. "ಎಲ್ಲಿಗಾದ್ರೂ ಕರ್ಕೊಂಡು ಹೋಗ್ಬೇಕು ಅನ್ನಿಸ್ತು. ಹೇಳೋಕೆ ಬಾಯಿ ಬರಲಿಲ್ಲ ಕಣೇ." ಮಾತು ಅರ್ಧಕ್ಕೆ ನಿಂತು ಅಳು ಬಂತು. ನಾನು ಅವರನ್ನು ಸಮಾಧಾನ ಮಾಡಲಿಲ್ಲ. ಯಾರನ್ನೂ ಸಮಾಧಾನ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ಮತ್ತೆ ಮೋಡ ಬಂದು ನಮ್ಮಿಬ್ಬರನ್ನೂ ಮುಚ್ಚಿತು. ಮುಖಕ್ಕೆ ಮುಖ ಕಾಣದಷ್ಟು ದಟ್ಟ. ನಾಚಿಕೆ ಬಿಟ್ಟು ಅತ್ತೆವು. ಇಷ್ಟಾದರೂ ವಾಪಸ್ಸು ಬರುವ ಬಸ್ಸಿನಲ್ಲಿ ನನ್ನ ಕೈ ಹೊಟ್ಟೆಯ ಮೇಲೇ ಇತ್ತು. ಡಾಕ್ಟರುಗಳೂ ತಪ್ಪುವುದುಂಟು ಎಂದು ಒಳಗೊಳಗೇ ಇನ್ನೂ ಕಾಯುತ್ತಿದ್ದೆ.

ಡಾಕ್ಟರು ತಪ್ಪಿರಲಿಲ್ಲ. ತುಮಕೂರಿಗೆ ಬಂದ ಮೇಲೆ ನೋವು ಬಂತು, ಆಸ್ಪತ್ರೆಗೆ ಹೋದೆ, ಹೆಣ್ಣು ಕೂಸು. ಎಲ್ಲ ಸರಿಯಾಗೇ ಇತ್ತು, ಉಗುರು ಕೂಡ ಬಂದಿತ್ತು ಎಂದು ಆಯಾ ಹೇಳಿದಳು. ನನಗೆ ತೋರಿಸಲಿಲ್ಲ. ತೋರಿಸಿ ಎಂದು ಜಗಳವಾಡುವಷ್ಟು ತ್ರಾಣವೂ ಇರಲಿಲ್ಲ. ಇವರೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಕುಣಿಗಲ್ಲಿನಿಂದ ಅಮ್ಮ ಬಂದು ಅತ್ತು ಅತ್ತು ತಾನೇ ಜ್ವರ ಬಂದು ಮಲಗಿದ್ದರಿಂದ ಬಾಣಂತನಕ್ಕೆ ಅತ್ತೆಯೇ ನಿಂತರು. ಕೂಸಿಲ್ಲದಿದ್ದರೂ ಬಾಣಂತಿ ಬಾಣಂತಿಯೇ. ಮೈಗೆ ಎಣ್ಣೆ ತಿಕ್ಕಿ, ಸುಡುಸುಡು ನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ಮೆಣಸಿನ ಸಾರು ಅನ್ನ ಇಕ್ಕುತ್ತಿದ್ದರು. ಮಾತು ಮಾತ್ರ ಇಲ್ಲ. ಅವರು ಊಟ ಬಿಟ್ಟಿದ್ದಾರೆ ಎಂದು ನನಗೆ ತಿಳಿದದ್ದು ಅವರ ರವಿಕೆಯ ತೋಳು ಜೋತಾಡುವುದನ್ನು ಕಂಡಾಗ. ಸಿ.ಎಸ್. ಪುರದ ದೊಡ್ಡಮ್ಮ ನೋಡಲು ಬಂದವರು ನಡುಮನೆಯಲ್ಲಿ ನಿಂತು ಅತ್ತೆಗೆ, "ಬಸುರಿ ಗಂಡನ್ನ ಬೆಟ್ಟ ಹತ್ತುಸ್ದೋಳು ನೀನೇ ಅಲ್ವಾ? ಊರಿಗೆಲ್ಲ ಬುದ್ಧಿ ಹೇಳೋಳು" ಎಂದು ಅಂದುಹೋಗಿದ್ದರು.

ಒಂದು ಮಧ್ಯಾಹ್ನ ಅತ್ತೆ ನನ್ನ ಹಾಲು ಬತ್ತಲೆಂದು ಕಾಕಡ ಹೂವನ್ನು ಎದೆಯ ಮೇಲೆ ಹರಡಿ ಹಳೇ ಸೀರೆಯ ಪಟ್ಟಿಯಿಂದ ಬಿಗಿಯುತ್ತಿದ್ದರು. ಬಿಗಿಯುತ್ತಾ ಬಿಗಿಯುತ್ತಾ ಅವರ ಕೈ ನಿಂತಿತು.

"ನಾನೇ ಕಳುಸ್ದೆ ಕಣವ್ವ. ಗೊತ್ತಿದ್ದೂ ಗೊತ್ತಿದ್ದೂ ಕಳುಸ್ದೆ. ನನ್ ಬಾಯಿಂದ್ಲೇ ಹೋಯ್ತು ಕೂಸು" ಎಂದರು.

ನನಗೆ ತಡೆಯಲಾಗಲಿಲ್ಲ. "ಇಲ್ಲ ಅತ್ತೆ. ಬೆಟ್ಟಕ್ಕೆ ಹೋಗೋಕೆ ಮುಂಚೇನೇ ಹೋಗಿತ್ತು. ಡಾಕ್ಟ್ರು ಹೇಳಿದ್ರು. ನಿಮಗೆ ಹೇಳೋಕೆ ಧೈರ್ಯ ಸಾಲ್ದೆ ಹಂಗ್ ಹೋದ್ವಿ. ನಿಮ್ಮದೇನೂ ತಪ್ಪಿಲ್ಲ" ಎಂದೆ. ಇಷ್ಟು ಹೇಳಿದರೆ ಅವರ ಎದೆಯ ಭಾರ ಇಳಿಯುತ್ತದೆ, ಒಂದು ತುತ್ತು ಉಣ್ಣುತ್ತಾರೆ ಎಂದುಕೊಂಡಿದ್ದೆ.

ಅತ್ತೆ ತಲೆ ಎತ್ತಿದರು. "ಮುಂಚೇನೇ ಹೋಗಿತ್ತಾ? ಹಂಗಾರೆ ಕಾಡು ನೋಡ್ಬೇಕು ಅಂತ ಕೇಳಿದ್ದು ಯಾರವ್ವ?"

ಬಾಗಿಲಲ್ಲಿ ನಿಂತಿದ್ದ ಇವರು, "ನಾನೇ ಕಣಮ್ಮ. ಬಾಯಿಗೆ ಬಂದಿದ್ದು ಹೇಳ್ದೆ" ಎಂದರು.

ಅತ್ತೆ ಮಗನನ್ನು ಬೈಯಲಿಲ್ಲ. ಪಟ್ಟಿಯ ತುದಿಯನ್ನು ಗಂಟು ಹಾಕಿದರು. ಚಾಪೆಯ ಮೇಲೆ ಉದುರಿದ್ದ ಹೂಗಳನ್ನು ಒಂದೊಂದಾಗಿ ಆಯ್ದುಕೊಂಡರು.

"ಬಂದಿದ್ದಕ್ಕೆ ಕೂಸು ಒಂದಾದ್ರೂ ಕೇಳ್ತಲ್ಲ, ಕೇಳಿದ್ದನ್ನ ಕೊಟ್ವಲ್ಲ ಅಂದ್ಕಂಡಿದ್ದೆ" ಎಂದರು.